ಮರಿ ಡಾಕ್ಟರನ ಬಿಕ್ಕಳಿಕೆ

ತಿಂಡಿಯನ್ನು ಅಗಿಯದೆ ಗಬಗಬ ನುಂಗಿದ್ದೇ ತಪ್ಪಾಯಿತು. ಪರೀಕ್ಷೆಯ ಮನೆಯ ಹೊಸ್ತಿಲು ದಾಟುವಾಗಲೇ ಮರಿ ಡಾಕ್ಟರನಿಗೆ ಬಿಕ್ಕಳಿಕೆ ಹಿಡಿಯಿತು.

ಕುಟುಂಬ ವೈದ್ಯರಾಗಲು ಓದುವವರಿಗೆ ಕೊನೆಯ ಪರೀಕ್ಷೆ ಆಸ್ಪತ್ರೆಯಲ್ಲಲ್ಲ, ರೋಗಿಯ ಮನೆಯಲ್ಲೇ. ಹೋದ ವರ್ಷ ಈ ಮಹಾಶಯ ರೋಗಿಗೆ ಹೇಗೆ ಕೆಮ್ಮಬೇಕೆಂದು ಮೊದಲೇ ಹೇಳಿಕೊಟ್ಟು ಸಿಕ್ಕಿಬಿದ್ದಿದ್ದ. ಇವತ್ತೂ ಪರೀಕ್ಷಕರಾಗಿ ಬಂದವರು ಅಂದು ಅವನನ್ನು ಹಿಡಿದಿದ್ದ ಅದೇ ಮೇಡಂ. ಪಾಸಾದರೆ ಮಾತ್ರ ಮಗಳನ್ನು ಕೊಡುವುದು ಎಂದು ಭಾವೀ ಮಾವ ಬೇರೆ ಪಟ್ಟು ಹಿಡಿದು ಕೂತಿದ್ದರು.

"ಈ ಸಲವೂ ನಾಟಕ ಕಂಡ್ರೆ ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೊಳೀತೀರಿ," ಎಂದರು ಮೇಡಂ.

"ಇಲ್ಲ ಮೇ... ಬಿಕ್!"

ಮಂಡಿನೋವಿನ ಅಜ್ಜಿ ಮಂಚದಿಂದ ಬಗ್ಗಿ ನೋಡಿದರು. "ಯಾರೋ ನೆನೆಸ್ಕೊಳ್ತಿದಾರೆ ಕಣಪ್ಪಾ."

"ನಾನೇ," ಎಂದರು ಮೇಡಂ. "ಹೋದ ವರ್ಷದ್ದು ನೆನಪಾಗ್ತಿದೆ."

ನೋವು ಎಲ್ಲಿ ಎಂದು ಕೇಳಹೊರಟರೆ ಪ್ರಶ್ನೆಯ ಅರ್ಧಕ್ಕೇ ಬಿಕ್ಕು ಅಡ್ಡ ಬರುತ್ತಿತ್ತು. ಸೊಸೆ ನೀರು ತಂದಳು. ಪಕ್ಕದ ಮನೆಯ ದರ್ಜಿ ಒಳಗೇ ನುಗ್ಗಿ, "ಮೂಗು ಮುಚ್ಕೊಂಡು ಕುಡೀರಿ ಸಾರ್," ಎಂದ. ಎದುರುಮನೆಯ ಮೇಷ್ಟ್ರು, "ಅದಕ್ಕೆಲ್ಲ ಬಗ್ಗಲ್ಲ ಅದು, ಬಾಯಿ ತೆಗೀರಿ!" ಎಂದು ಚಮಚ ಸಕ್ಕರೆ ಸುರಿದರು. ಯಾರದೋ ಗುದ್ದೂ ಬೆನ್ನಿಗೆ ಬಿತ್ತು. ಅಲ್ಲಿ ರೋಗಿ ಯಾರು, ಡಾಕ್ಟರು ಯಾರು, ದೇವರೇ ಬಲ್ಲ. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಆಗ ಅಜ್ಜಿ "ಅಯ್ಯಯ್ಯೋ!" ಎಂದು ಎದೆ ಹಿಡಿದು, ಕಣ್ಣು ಮೇಲೆ ಮಾಡಿ, ಮಂಚದ ಮೇಲೆ ದೊಪ್ಪನೆ ಉರುಳಿದರು.

ಮರಿ ಡಾಕ್ಟರನ ಜೀವ ಬಾಯಿಗೆ ಬಂತು. ಒಂದೇ ನೆಗೆತಕ್ಕೆ ಮಂಚದ ಬಳಿಯಿದ್ದ. ದರ್ಜಿಯನ್ನು ಹೊರಗೆ ದಬ್ಬಿದ, ಮೇಷ್ಟ್ರನ್ನು ಆಂಬುಲೆನ್ಸ್ ಕರೆಯಲು ಓಡಿಸಿದ, ಅಳುವ ಸೊಸೆಗೆ ಧೈರ್ಯ ಹೇಳುತ್ತಲೇ ಅಜ್ಜಿಯ ನಾಡಿ ಹಿಡಿದ.

"ನಾಡಿ ಗಟ್ಟಿಯಾಗಿದೆ ಮೇಡಂ!" ಒಂದು ಬಿಕ್ಕೂ ಇಲ್ಲ.

"ಶಭಾಷ್!" ಎಂದರು ಮೇಡಂ. "ಇದು ಕಣ್ರೀ ಕುಟುಂಬ ವೈದ್ಯ ಅಂದ್ರೆ. ಪಾಸ್!"

ಅಜ್ಜಿ ಒಂದು ಕಣ್ಣು ತೆರೆದರು. "ನಿಂತಿತೇನಪ್ಪಾ ಬಿಕ್ಕಳಿಕೆ? ಹೆದರಿಸಿದ್ರೆ ನಿಲ್ಲತ್ತೆ ಅಂತ ನಂಗೊತ್ತಿತ್ತು."

ಮೇಡಂ ಮುಖ ಕೆಂಡವಾಯಿತು. "ಮತ್ತೆ ನಾಟಕ! ಫೇಲ್! ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಇರಿ!"

"ನಾನು ಹೇಳಿಕೊಟ್ಟಿದ್ದಲ್ಲ ಮೇಡಂ, ನಿಮ್ಮಾಣೆಗೂ!"

"ಹೋದ ಸಲಾನೂ ಹೀಗೇ ಆಣೆ ಇಟ್ಟಿದ್ರಿ," ಎಂದು ಮೇಡಂ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮರಿ ಡಾಕ್ಟರ ನೆಲದ ಮೇಲೆ ಕುಸಿದು ಕೂತ. ಭಾವೀ ಮಾವನ ಮುಖ ಕಣ್ಣ ಮುಂದೆ ಬಂತು.

"ಬಿಕ್!"

ಅಜ್ಜಿ ಅವನ ತಲೆ ಸವರಿದರು. "ಅಯ್ಯೋ ಪಾಪ. ಇನ್ನೊಂದ್ಸಲ ಬೀಳ್ಲಾ ಮಗಾ?"