ಪಾಲಾಕ್ಷಪ್ಪನವರ ‘ನೋಡಾಣ’

ಹುಲುಗಪ್ಪ: ನೋಡಾಣ ಅಂದ್ರ ಇಲ್ಲ ಅಂತ. ಇದಕ್ಕೇನು ಪಂಡಿತರನ್ನ ಕರಸಬೇಕೇನು?

ಬಸಲಿಂಗಮ್ಮ: ನೋಡಾಣ ಅಂದ್ರ ಹೂಂ ಅಂತ. ಅದಕ್ಕ ಪಂಡಿತರು ಬ್ಯಾಡ್ರಿ, ಮನುಷ್ಯಾರಾಗಿದ್ರ ಸಾಕು.

ಹುಲುಗಪ್ಪನವರು ಹಗರಿಬೊಮ್ಮನಹಳ್ಳಿಯ ಸರಕಾರಿ ಕಚೇರಿಯೊಂದರಲ್ಲಿ ಮೇಲ್ವಿಚಾರಕರು. ಅವರ ಹೆಂಡತಿ ಬಸಲಿಂಗಮ್ಮ ಅಂಗನವಾಡಿ ಟೀಚರು. ಗುರುವಾರ ಬೆಳಿಗ್ಗೆ ಇಬ್ಬರೂ ತಟ್ಟೆಯಲ್ಲಿದ್ದ ಒಗ್ಗರಣೆ ಮಂಡಕ್ಕಿಗಿಂತ ಈ ಒಂದು ಮಾತನ್ನೇ ಹೆಚ್ಚು ಜಗಿಯುತ್ತಿದ್ದರು. ಭಾನುವಾರ ಹರಪನಹಳ್ಳಿಯಿಂದ ಪಾಲಾಕ್ಷಪ್ಪ ಎಂಬ ನಿವೃತ್ತ ಮೇಷ್ಟ್ರು ಮನೆಯವರೊಂದಿಗೆ ಬಂದು, ಬ್ಯಾಂಕಿನಲ್ಲಿರುವ ತಮ್ಮ ಮಗ ಗುರುಮೂರ್ತಿಗೆ ಇವರ ಮಗಳು ಸಮತಾಳನ್ನು ನೋಡಿಕೊಂಡು ಹೋಗಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹುಲುಗಪ್ಪನವರು “ಮತ್ತ ಏನಂತೀರಿ ಸರ್?” ಎಂದು ಕೇಳಿದಾಗ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಆ ಹಿರಿಯರು “ನೋಡಾಣ” ಎಂದಿದ್ದರು. ಅದಾಗಿ ನಾಲ್ಕು ದಿನ. ಫೋನಿಲ್ಲ.

ಹುಲುಗಪ್ಪ: ರಜಾ ಅರ್ಜಿ ಹಿಡಕೊಂಡು ಎಷ್ಟು ಮಂದಿ ನನ್ನ ಟೇಬಲ್ ಮುಂದ ನಿಂತಾರ, ನಿನಗ ಗೊತ್ತೇನು? ಎಲ್ಲಾರಿಗೂ ನೋಡಾಣ ಅಂದೀನಿ. ಒಬ್ಬನಾದ್ರೂ ರಜಾ ಹೋಗ್ಯಾನೇನು ಕೇಳು.

ಬಸಲಿಂಗಮ್ಮ: ಅದು ನಿಮ್ಮ ಕಚೇರಿ ಭಾಷಿ. ಅಲ್ಲಿ ‘ಆತು’ ಅಂದ್ರೂ ಇಲ್ಲಂತನ ಅರ್ಥ. ನಮ್ಮ ಅಂಗನವಾಡ್ಯಾಗ ಹುಡುಗ್ರು ‘ಟೀಚರ್, ಇನ್ನೊಂದು ಮೊಟ್ಟಿ’ ಅಂತಾವ. ನಾ ನೋಡಾಣ ಅಂದ್ರ ತಾಟು ಹಿಡಕೊಂಡು ಅಲ್ಲೇ ನಿಂದ್ರತಾವ. ಮೂರು ವರ್ಷದ ಕೂಸಿಗೆ ತಿಳಿದದ್ದು ನಿಮಗ ತಿಳೀವಲ್ದು.

ಹುಲುಗಪ್ಪ: ಹಂಗಾರ ತಾಟು ಹಿಡಕೊಂಡು ನಿಂದ್ರು. ನಾ ಅಂತೂ ಕೂಡ್ಲಿಗಿಯ ಇನ್ನೊಂದು ಗಂಡಿನ ಕಡಿಯವರಿಗೆ ನಾಳೆ ಬರ್ರಿ ಅಂತ ಹೇಳೀನಿ.

ಬಸಲಿಂಗಮ್ಮ: ಹೇಳಿಬಿಟ್ರಾ! ಭಾಳ ಚಲೋ ಆತು. ಹರಪನಹಳ್ಳಿಯವರೂ ನಾಳೆನ ಬಂದ್ರ ಇಬ್ಬರನ್ನೂ ಒಂದಾ ಚಾಪಿ ಮ್ಯಾಲ ಕುಂದರಸ್ರಿ. ಒಂದಾ ಸಲ ಉಪ್ಪಿಟ್ಟು ಮಾಡಿದ್ರ ಮುಗೀತು.

ಹುಲುಗಪ್ಪ: ಅಲ್ಲಲೇ, ಬೇಕಾಗಿದ್ರ ನಾಕು ದಿನದಾಗ ಒಂದು ಫೋನ್ ಮಾಡ್ತಿದ್ದಿಲ್ಲೇನು?

ಬಸಲಿಂಗಮ್ಮ: ನೀವಾ ಮಾಡಬೇಕಿತ್ತು.

ಹುಲುಗಪ್ಪ: ಹೆಣ್ಣಿನ ಕಡಿಯವರು ಬೆನ್ನು ಹತ್ತಿ ಫೋನ್ ಮಾಡಿದ್ರ ಹುಡುಗ್ಯಾಗ ಏನೋ ಐಬು ಐತಿ ಅಂತಾರ.

ಬಸಲಿಂಗಮ್ಮ: ಐಬು ಹುಡುಗ್ಯಾಗ ಇಲ್ರಿ. ಎಲ್ಲಿ ಐತಿ ಅಂತ ಭಾನುವಾರ ಅವರು ಕಣ್ಣಾರೆ ನೋಡಿ ಹೋಗ್ಯಾರ. ಬಿಡ್ರಿ. ನಿಮ್ಮಪ್ಪ ನನ್ನ ಕೇಳಾಕ ತಂಬ್ರಹಳ್ಳಿಗೆ ಬಂದಾಗ ನಮ್ಮಪ್ಪ ಏನಂದ? ನೋಡಾಣ ಅಂದ. ಇಪ್ಪತ್ತೆಂಟು ವರ್ಷ ಆತು, ನಿಮ್ಮೆದುರಿಗೆ ಕುಂತೀನಿ. ಇದಕ್ಕಿಂತ ಸಾಕ್ಷಿ ಬೇಕಾ?

ಹುಲುಗಪ್ಪನವರು ಬಾಯಲ್ಲಿದ್ದ ಮೆಣಸಿನಕಾಯಿಯನ್ನು ಕಚ್ಚಿಬಿಟ್ಟರು. ಆಡಬಾರದ ಮಾತು ಹೊರಬಿದ್ದದ್ದು ಆ ಖಾರದಲ್ಲಿ.

ಹುಲುಗಪ್ಪ: ನಿಮ್ಮಪ್ಪ ಇಲ್ಲ ಅಂತನ ಅಂದಿದ್ದ.

ಬಸಲಿಂಗಮ್ಮ: ಏನಂದ್ರಿ?

ಹುಲುಗಪ್ಪ: ನಮ್ಮಪ್ಪ ಅದನ್ನ ಹೂಂ ಅಂತ ತಿಳಕೊಂಡು ಮರುದಿನಾನ ಲಗ್ನಪತ್ರಿಕಿ ಅಚ್ಚಿಗೆ ಕೊಟ್ಟ. ಊರೆಲ್ಲ ಹಂಚಿದ ಮ್ಯಾಲ ಮಾವ ಮರ್ಯಾದಿಗಂಜಿ ಸುಮ್ನಾಗ್ಯಾನ. ಮದುವಿಯಾದ ವರ್ಷ ತಾನಾ ನನ್ನ ಮುಂದ ಹೇಳಿ ನಕ್ಕ.

ಬಸಲಿಂಗಮ್ಮನವರ ಕೈ ತಟ್ಟೆಯಲ್ಲೇ ನಿಂತಿತು. ಅಪ್ಪ ತನ್ನನ್ನು ಮನಸಾರೆ ಒಪ್ಪಿ ಕೊಟ್ಟ ಮನೆ ಇದು ಎಂದು ಎಷ್ಟು ಸಲ ಓಣಿಯವರ ಮುಂದೆ ಹೇಳಿಕೊಂಡಿದ್ದರೋ.

ಬಸಲಿಂಗಮ್ಮ: ಇಷ್ಟು ವರ್ಷ ಯಾಕ ಹೇಳಲಿಲ್ಲ?

ಹುಲುಗಪ್ಪ: ಹೇಳಿದ್ರ ನೀ ತಿರುಗಿ ಹೋದ್ರೇನು ಮಾಡಲಿ ಅಂತ.

ಬಸಲಿಂಗಮ್ಮ: ತಂಬ್ರಹಳ್ಳಿಗೆ ಈಗೂ ಬಸ್ಸು ಅದಾವ್ರಿ.

ಆದರೂ ಅವರು ಎದ್ದು ಗಂಡನ ಮುಂದೆ ನೀರಿನ ಚೊಂಬು ಇಟ್ಟರು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸಮತಾ ಪಾಳಿ ಮುಗಿಸಿ ಬಂದಿದ್ದಳು.

ಸಮತಾ: ಬೀದಿ ನಳದ ತನಕ ಕೇಳಾಕತ್ತೈತಿ. ಇನ್ನೂ ಅದಾ ನೋಡಾಣನಾ?

ಹುಲುಗಪ್ಪ: ನೀ ಸುಮ್ನಿರವ್ವ. ಇದು ದೊಡ್ಡೋರ ವಿಚಾರ.

ಸಮತಾ: ಹೌದಪ್ಪ, ಮದುವಿ ನಿಮ್ಮದಾ ಅಲ್ಲೇನು. ಫೋನ್ ಕೊಡಿಲ್ಲಿ.

ಅಪ್ಪನ ಜೇಬಿನಿಂದ ಫೋನ್ ತೆಗೆದು, ಪಾಲಾಕ್ಷಪ್ಪನವರ ನಂಬರು ಒತ್ತಿ, ಸ್ಪೀಕರ್ ಹಾಕಿ ಮಂಡಕ್ಕಿ ತಟ್ಟೆಯ ಪಕ್ಕ ಇಟ್ಟಳು. ಆ ಕಡೆಯಿಂದ “ಹಲೋ” ಬಂತು. ಹುಲುಗಪ್ಪನವರು ಎದ್ದು ನಿಂತೇ ಮಾತಾಡಿದರು.

ಹುಲುಗಪ್ಪ: ನಮಸ್ಕಾರ ಸರ್. ಭಾನುವಾರ ಬಸ್ ಹತ್ತುವಾಗ ನೋಡಾಣ ಅಂದ್ರಲ್ರಿ, ಅದರ ಅರ್ಥ… ಅಂದ್ರ ಭಾವಾರ್ಥ ಏನ್ರಿ?

ಪಾಲಾಕ್ಷಪ್ಪ: ಯಾವ ನೋಡಾಣ? ಓ, ಅದಾ! ಹಿಂದೆ ಕಿಟಕಿ ಸೀಟು ಖಾಲಿ ಐತೆ ಹತ್ತಜ್ಜ ಅಂದ ಕಂಡಕ್ಟರು. ನೋಡಾಣ ಅಂದೆ. ಅವ ಹೇಳಿದ್ದು ಸುಳ್ಳು ಸರ್, ಹರಪನಹಳ್ಳಿ ತನಕ ನಿಂತ್ಕಂಡೇ ಹೋದೆ. ಯಾಕೆ, ನೀವೇನಾದ್ರೂ ಕೇಳಿದ್ರೇನು?

ಗಂಡ ಹೆಂಡತಿಯ ಮುಖ ನೋಡಿದರು. ಹೆಂಡತಿ ಮಂಡಕ್ಕಿಯ ಮುಖ ನೋಡಿದರು.

ಹುಲುಗಪ್ಪ: ಹಂಗಾರ… ನಮ್ಮ ಹುಡುಗಿ?

ಪಾಲಾಕ್ಷಪ್ಪ: ನಮಗೆಲ್ಲ ಒಪ್ಪಿಗೆ ಐತೆ. ಹುಡುಗಿ ಏನಂತಾಳೆ ಅಂತ ನೀವು ಹೇಳಲಿಲ್ಲ. ಅದಕ್ಕೇ ಕಾಯ್ಕಂಡು ಕುಂತೀವಿ. ಏನಂದ್ಲು?

ಭಾನುವಾರದಿಂದ ಒಂದು ಮಾತಿಗೆ ಎಲ್ಲ ಅರ್ಥಗಳನ್ನೂ ಹುಡುಕಿದ್ದ ಆ ಮನೆಯಲ್ಲಿ ಸಮತಾಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಬಸಲಿಂಗಮ್ಮ (ಮೆಲ್ಲಗೆ): ಏನಂತೀಯವ್ವ?

ಸಮತಾ: ಈಗ ಕೇಳ್ತೀರಾ? ಏನು ಅವಸರ ಇತ್ತವ್ವ, ಮದುವಿಯಾದ ಮ್ಯಾಲ ಕೇಳಿದ್ರೂ ನಡೀತಿತ್ತು.

ಬಸಲಿಂಗಮ್ಮ: ತಪ್ಪಾತು ತಾಯಿ. ಹೇಳು.

ಸಮತಾ ಫೋನಿನ ಕಡೆ ಬಾಗಿದಳು.

ಸಮತಾ: ಸರ್, ನನಗ ಒಪ್ಪಿಗಿ ಐತಿ. ಆದ್ರ ಕೆಲಸ ಬಿಡಾಂಗಿಲ್ಲ.

ಪಾಲಾಕ್ಷಪ್ಪ: ಬಿಡಲೇ ಬ್ಯಾಡವ್ವ. ನನಗೆ ಸಕ್ಕರೆ ಐತೆ, ನಮ್ಮ ಮನೆಯಾಕೆಗೆ ಬಿ.ಪಿ. ನರ್ಸು ಮನೇಲೇ ಇದ್ರೆ ನಮಗೂ ಅನುಕೂಲ.

ಸಮತಾ: ನಿಮಗ ಸೊಸಿ ಬೇಕೋ, ನರ್ಸ್ ಬೇಕೋ ಸರ್?

ಹುಲುಗಪ್ಪನವರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದರು. ಆ ಕಡೆಯಿಂದ ಗಟ್ಟಿಯಾದ ನಗು ಬಂತು.

ಪಾಲಾಕ್ಷಪ್ಪ: ಸೊಸೇನೇ ಬೇಕವ್ವ!

ಸಮತಾ: ಹಂಗಾರ ಬಿ.ಪಿ. ನೋಡೋದು ನಿಮ್ಮ ಮಗನಿಗೆ ಕಲಿಸ್ತೀನಿ.

ಪಾಲಾಕ್ಷಪ್ಪ: ಕಲಿಸವ್ವ, ಪುಣ್ಯ ಬರತೈತೆ. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಕಲಿಸ್ದೆ, ಅವನೊಬ್ಬನಿಗೆ ಕಲಿಸೋದು ಮಾತ್ರ ನನ್ನ ಕೈಲಾಗಿಲ್ಲ.