ನನ್ನ ಮೊಣಕಾಲಿಗೆ ಕೂಗುವ ಗೇಟಿನ ಯಂತ್ರಕ್ಕೆ

ಸಂಡೂರಿನ ನಮ್ಮ ಅದಿರು ಕಂಪನಿಯ ಮುಖ್ಯದ್ವಾರದಲ್ಲಿ ಕಾಲು ನೋಯದೆ ನಿಂತಿರುವ ಲೋಹಶೋಧಕ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ವರ್ಕ್‌ಶಾಪಿನ ಫಿಟ್ಟರ್, ಬಂಡ್ರಿಯ ಉಜ್ಜಿನಪ್ಪನು ಎಡಗಾಲನ್ನು ತುಸು ಎಳೆಯುತ್ತಲೇ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ದಿನವೂ ಬೆಳಿಗ್ಗೆ ಎಂಟಕ್ಕೆ ತಮ್ಮ ಕೂಗಿನಿಂದಲೇ ತಿಳಿಯುತ್ತಿದ್ದೇನೆ.

ಹೋದ ವರ್ಷ ನನ್ನ ಮೊಣಕಾಲಿನ ಮೂಳೆಗೆ ಕ್ಯಾನ್ಸರ್ ಬಂತು. ಕಾಲನ್ನೇ ಕತ್ತರಿಸಬೇಕಾದೀತೆಂದು ಊರೆಲ್ಲ ಹೆದರಿಸುತ್ತಿದ್ದಾಗ, ಬೆಂಗಳೂರಿನ ಡಾಕ್ಟರು ಕೆಟ್ಟ ಮೂಳೆಯಷ್ಟನ್ನೇ ತೆಗೆದು, ನನ್ನದೇ ಅಳತೆಗೆ ಮಾಡಿಸಿದ ಲೋಹದ ಮೂಳೆ, ಕೀಲು ಕೂರಿಸಿ ಕಾಲು ಉಳಿಸಿದರು. ಇಪ್ಪತ್ತು ವರ್ಷ ಟಿಪ್ಪರುಗಳಿಗೆ ಸ್ಪೇರ್‌ಪಾರ್ಟ್ ಹಾಕಿದವನಿಗೆ ಕೊನೆಗೆ ತನಗೂ ಒಂದು ಸಿಕ್ಕಿತಲ್ಲ ಎಂದು ಹೆಮ್ಮೆಯೇ ಆಯಿತು.

ಆದರೆ ಕೆಲಸಕ್ಕೆ ಮರಳಿದ ಮೊದಲ ದಿನವೇ ತಾವು ಬೊಬ್ಬೆ ಹಾಕಿದಿರಿ. ಕಾವಲಿನ ಮಲ್ಲಿಕಾರ್ಜುನ್ "ಬೆಲ್ಟ್ ತೆಗೀರಿ ಯಣ್ಣಾ, ಕೀಲಿ ಇಡ್ರಿ, ಜಲ್ದಿ" ಎನ್ನುತ್ತ ಕಡೆಗೆ ಸೊಂಟದ ಬೆಳ್ಳಿಯ ಉಡಿದಾರವನ್ನೂ ಬಿಚ್ಚಿಸಿದ. ಸುದ್ದಿ ಕೇಳಿದ ನನ್ನ ಅವ್ವ ವಿರುಪಮ್ಮ, "ಉಡದಾರ ಬಿಚ್ಚೋದು ಹೆಣಕ್ಕ ಲೇ! ಆಪರೇಷನ್ನಿಗೆ ಬೆಳ್ಳೀದು ತೆಗಿಸಿದಾಗೂ ಕರಿದಾರ ಕಟ್ಟಿ ಕಳಿಸೀನಿ ನಾನು" ಎಂದು ಎರಡು ದಿನ ಮಾತು ಬಿಟ್ಟಳು. ಆಮೇಲೆ ಡಾಕ್ಟರ ಚೀಟಿ ತಂದು ತೋರಿಸಿದೆ. ಮಲ್ಲಿಕಾರ್ಜುನ್ ಓದಿ ಕಣ್ಣೊರೆಸಿಕೊಂಡ. ತಾವು ಇಂದಿಗೂ ಓದಿಲ್ಲ.

ಆದರೂ ತಮ್ಮ ಕರ್ತವ್ಯನಿಷ್ಠೆಗೆ ತಲೆಬಾಗುತ್ತೇನೆ. ಮೂರು ತಿಂಗಳಿಗೊಮ್ಮೆ, ಕಾಯಿಲೆ ಮರಳಿ ಶ್ವಾಸಕೋಶದಲ್ಲಿ ಗಂಟು ಕಟ್ಟಿದೆಯೇ ಎಂದು ನನ್ನ ಎದೆಯನ್ನು ಸ್ಕ್ಯಾನ್ ಮಾಡುತ್ತಾರೆ. ರಿಪೋರ್ಟು ಕೈಗೆ ಬರುವ ತನಕ ನಾನೂ ಹೆಂಡತಿ ನೀಲಗಂಗಮ್ಮನೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಭಯವಾಗುತ್ತದೆ, ಮಾನ್ಯರೇ. ಆದಕಾರಣ ಲೋಹವನ್ನು ಇಷ್ಟು ಚೆನ್ನಾಗಿ ಹಿಡಿಯುವ ತಾವು ಆ ಗಂಟನ್ನು ಹಿಡಿಯುವ ವಿದ್ಯೆಯನ್ನೂ ಕಲಿತು, ಪ್ರತಿ ಬೆಳಿಗ್ಗೆ 'ಇವನೊಳಗೆ ಲೋಹ ಬಿಟ್ಟರೆ ಬೇರೇನೂ ಇಲ್ಲ' ಎಂದು ಬಂಡ್ರಿಯಲ್ಲಿರುವ ನೀಲಗಂಗಮ್ಮನಿಗೂ ಕೇಳುವಂತೆ ಕೂಗಬೇಕಾಗಿ ವಿನಂತಿ.

ಕೂಗಿಸಿಕೊಳ್ಳಲು ನಾಳೆಯೂ ಎಂಟಕ್ಕೆ ಹಾಜರಾಗುವ,
ತಮ್ಮ ವಿಶ್ವಾಸಿ,
ಉಜ್ಜಿನಪ್ಪ

ತಾ.ಕ.: ಪಕ್ಕದ ಗೇಟಿನಿಂದ ದಿನವೂ ನೂರಾರು ಲಾರಿ ಅದಿರು ಹೊರಗೆ ಹೋಗುತ್ತದೆ, ತಾವು ಒಮ್ಮೆಯೂ ಕೆಮ್ಮಿದ್ದಿಲ್ಲ. ಅದು ದೊಡ್ಡವರ ವಿಷಯ, ಬಿಡಿ. ನನಗೆ ಮಾತ್ರ ಕೂಗುವುದನ್ನು ನಿಲ್ಲಿಸಬೇಡಿ. ಮೊನ್ನೆ ಸೋಮವಾರ ಕರೆಂಟು ಹೋಗಿ ತಾವು ಸುಮ್ಮನಿದ್ದಾಗ, ಕಾಲು ಇದೆಯೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತು ಮುಟ್ಟಿ ನೋಡಿಕೊಂಡೆ.