ಒಂದು ದೃಶ್ಯಕ್ಕೆ ಅಪ್ಪಣೆ

ನಮ್ಮ ಚಿಕ್ಕಪ್ಪನವರ ಮನೆಗೆ ಹೋದವರಿಗೆ ಮುದ್ದೆ, ಸಾರು, ಹಲಸಿನ ತೊಳೆ, ಮಲಗಲು ಮಂಚ, ಎಲ್ಲವೂ ಕೇಳದೆ ಸಿಗುತ್ತದೆ. ಅವರು ಬರೆದ ನಾಟಕದ ಒಂದು ಸಾಲು ಮಾತ್ರ ಅರ್ಜಿ ಹಾಕಿದರೂ ಸಿಗುವುದಿಲ್ಲ. ಮುಳಬಾಗಿಲು ಸುತ್ತಿನ ನಾಲ್ಕಾರು ಹಳ್ಳಿ ಬಿಟ್ಟರೆ ಆ ನಾಟಕಗಳ ಹೆಸರು ಕೇಳಿದವರಿಲ್ಲ. ಕದಿಯುವ ಕಳ್ಳನಿಗೂ ಸ್ವಲ್ಪ ರುಚಿ ಬೇಡವೇ?

ಕೋಲಾರದಲ್ಲಿ ಯಾರೋ ವಕೀಲರು ಕೃತಿಸ್ವಾಮ್ಯದ ಬಗ್ಗೆ ಮಾಡಿದ ಭಾಷಣ ಕೇಳಿ ಬಂದಾಗಿನಿಂದ ಈ ಕಾಯಿಲೆ. ದೇವರಾಯಸಮುದ್ರದ ಹುಡುಗರಿಗೆ ಒಂದು ದೃಶ್ಯ ಆಡಲು ಅಪ್ಪಣೆ ಕೊಟ್ಟು, ಕಾಯಲೆಂದು ತಾವೇ ಹೋಗಿ ಮುಂದೆ ಕೂತರು. ರಾಜನ ಪಾತ್ರದವನು ನಾಲ್ಕು ಮಾತು ನುಂಗಿದ. ಚಿಕ್ಕಪ್ಪ ಎದ್ದು ನಿಂತು, "ಆಡೋಕೆ ಕೊಟ್ಟಿದ್ದೀನಿ, ಕತ್ತರಿಸೋಕೆ ಕೊಟ್ಟಿಲ್ಲ" ಎಂದರು.

ರಾಜ ಕೈಮುಗಿದ. "ಸ್ವಾಮಿ, ಮೀಸೆ ಬಿದ್ದೋಗ್ತಾ ಐತೆ. ನಿಮಗೆ ಮಾತು ಬೇಕಾ, ನಮ್ಮ ಮರ್ಯಾದೆ ಬೇಕಾ?"

ಜನ ಮೀಸೆಯ ಪರ ನಿಂತರು.

ಇಷ್ಟೆಲ್ಲ ಗೊತ್ತಿದ್ದೂ ಒಂದು ಭಾನುವಾರ ನಾನೇ ಅವರ ಬಳಿ ಹೋಗಬೇಕಾಯಿತು. ನಾನು ಸರ್ಕಾರಿ ಶಾಲೆಯ ಟೀಚರು. ತಾಲ್ಲೂಕು ನಾಟಕ ಸ್ಪರ್ಧೆಗೆಂದು ನಮ್ಮ ಹುಡುಗಿಯರು ಅವರ ಹೊಸ ನಾಟಕದ ಪುಸ್ತಕ ನೋಡಿ ಒಂದು ದೃಶ್ಯ ಕಲಿತುಬಿಟ್ಟಿದ್ದರು: ತಾಯಿ ಮಗಳನ್ನು ಗಂಡನ ಮನೆಗೆ ಕಳಿಸುವುದು. ಅಪ್ಪಣೆಯಿಲ್ಲದೆ ಆಡಿಸಿದರೆ ಈ ಮಹಾನುಭಾವರು ಅಲ್ಲೂ ಎದ್ದು ನಿಲ್ಲುವವರೇ!

"ಆಡ್ಕೊಳ್ಳಿ. ವಿಡಿಯೋ ಮಾಡಂಗಿಲ್ಲ, ಸ್ಟೇಟಸ್‌ಗೆ ಹಾಕಂಗಿಲ್ಲ, ಬೇರೆ ಸ್ಕೂಲಿಗೆ ಕೊಡಂಗಿಲ್ಲ."

"ಒಂದು ಸಲ ಕೊಟ್ಟ ಮೇಲೆ ನಮ್ದೇ ಅಲ್ವಾ ಚಿಕ್ಕಪ್ಪ?"

"ಹಿಪ್ಪುನೇರಳೆ ತೋಟ ಗುತ್ತಿಗೆಗೆ ಕೊಟ್ರೆ ಸೊಪ್ಪು ಕುಯ್ಕೋಬೇಕಮ್ಮ. ಗಿಡ ಕಿತ್ಕೊಂಡು ಹೋಗ್ತೀಯಾ?"

"ಮನೇಲಿ ತೆಲುಗು ಮಾತಾಡೋ ಮಕ್ಕಳು. ಒಂದೆರಡು ಮಾತು ತೆಲುಗಲ್ಲಿ ಹೇಳಿಸ್ಲಾ?"

"ಅದು ಅನುವಾದದ ಹಕ್ಕು. ಬೇರೆ ಕೇಳ್ಬೇಕು."

"ಕೇಳ್ತಾನೇ ಇದ್ದೀನಲ್ಲ."

"ಈಗ ಮಜ್ಜಿಗೆ ಕುಡಿಯೋ ಹೊತ್ತು."

ಮಜ್ಜಿಗೆ ಮುಗಿದ ಮೇಲೆ ಅದಕ್ಕೂ ಒಪ್ಪಿದರು. ಆಮೇಲೆ ನಾನು ತಂದಿದ್ದ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ಮಾತ್ರ ಕೊಡಕ್ಕಾಗಲ್ಲ" ಎಂದರು. ಕಾರು ಹತ್ತುವ ಮಗಳಿಗೆ ತಾಯಿ ಹೇಳುವ ಮಾತು ಅದು: "ಹಸಿವಾದಾಗ ಬಾ ಅಂತ ಎಲ್ರೂ ಹೇಳ್ತಾರೆ. ಉಂಡಿದ್ರೂ ಬಾ ಕಣೇ."

ಇಡೀ ದೃಶ್ಯ ನಿಂತಿರುವುದೇ ಆ ಮಾತಿನ ಮೇಲೆ. ಅದನ್ನು ತೆಗೆದರೆ ನನ್ನ ಮಕ್ಕಳು ಆಡುವುದೇನು? ನನಗೆ ರೇಗಿತು. "ಬರೆದೋರೂ ನೀವೇ, ಕೊಡಲ್ಲ ಅನ್ನೋರೂ ನೀವೇ. ಇದ್ಯಾವ ನ್ಯಾಯ?"

"ಬರೆದಿದ್ದಷ್ಟೇ ನಾನು," ಎಂದರು. "ಹೇಳಿದ್ದು ನಿಮ್ಮ ಚಿಕ್ಕಮ್ಮ. ನಿನ್ನ ಮದ್ವೆ ದಿನ, ನಿನಗೇ. ನೀನು ಅಳ್ತಾ ಇದ್ದೆ, ಕೇಳಿಸ್ಕೊಳ್ಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಅವಳನ್ನ ಕೇಳೋಣ ಅಂದ್ರೆ ಅವಳಿಲ್ಲ. ಇನ್ನು ನೀನೇ ಕೊಡ್ಬೇಕು ಕಣಮ್ಮ."

ಹೈಸ್ಕೂಲಿಗೆಂದು ಈ ಮನೆಗೆ ಬಂದ ನನ್ನನ್ನು ಮದುವೆಯವರೆಗೂ ಮಗಳಂತೆ ಸಾಕಿದವಳು ಚಿಕ್ಕಮ್ಮ. ಅವಳು ತೀರಿಕೊಂಡು ಎರಡು ವರ್ಷ. ಅವಳು ನನಗೆಂದೇ ಹೇಳಿದ ಮಾತು ಇವತ್ತು ನನ್ನ ಕಿವಿಗೆ ಬಿತ್ತು. ದುಃಖ ತಡೆಯಲಾಗಲಿಲ್ಲ.

"ಕೊಟ್ಟೆ ಚಿಕ್ಕಪ್ಪ" ಎಂದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ, "ಊಟ ಆಯ್ತಾ?" ಎಂದು ಕೇಳಿದರು.

ಮನೆಯಲ್ಲಿ ಹೊಟ್ಟೆ ತುಂಬ ಉಂಡೇ ಹೊರಟಿದ್ದೆ.

"ಆಗಿದೆ, ಬಡಿಸಿ" ಎಂದೆ.